ಹನ್ನೊಂದನೇ ಸಾಲಿನ ಬೀಗರು

ಅನಂತರಾಜುವಿಗೆ ಏನು ಕೆಲಸ ಎಂಬ ಪ್ರಶ್ನೆ ಅಕ್ಕೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಿದ್ದ. ಸಂಜೆ ಬಂದಾಗಲೂ ಅಂಗಿಯ ಇಸ್ತ್ರಿ ಹಾಗೇ ಇರುತ್ತಿತ್ತು. ಮಸಿ ಇಲ್ಲ, ಎಣ್ಣೆ ಇಲ್ಲ, ಬೆವರಂತೂ ಇಲ್ಲವೇ ಇಲ್ಲ. ಇದೆಂಥ ಕಾರ್ಖಾನೆಯಪ್ಪ ಎಂದು ಒಮ್ಮೆ ಕೇಳಿದವರು, ಅವನ ಉತ್ತರ ಕೇಳಿದ ಮೇಲೆ ಎರಡನೇ ಸಲ ಕೇಳುತ್ತಿರಲಿಲ್ಲ.

"ಇಲ್ದೇ ಇರೋ ಕಂಪ್ಯೂಟರ್‌ಗಳ್ನ ಇರೋ ಕಂಪ್ಯೂಟರ್ ಒಳಗೆ ಕೂರಿಸ್ತೀನಿ," ಎನ್ನುತ್ತಿದ್ದ.

ಮಾತು ವಿಚಿತ್ರವಾದರೂ ಸುಳ್ಳಲ್ಲ. ಅವನ ಡೇಟಾ ಸೆಂಟರಿನ ತಣ್ಣನೆಯ ಕೋಣೆಗಳಲ್ಲಿ ಸರ್ವರ್ ಎಂಬ ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಒಂದೊಂದು ಪೆಟ್ಟಿಗೆಯೊಳಗೂ ಇಪ್ಪತ್ತು ಮೂವತ್ತು ವರ್ಚುವಲ್ ಮಷೀನ್‌ಗಳು. ಇವಕ್ಕೆ ಮೈಯೆಂಬುದಿಲ್ಲ. ಆದರೆ ಒಂದೊಂದಕ್ಕೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಎಂಬ ಭ್ರಮೆ. ಯಾವ ಮಷೀನನ್ನು ಯಾವ ಪೆಟ್ಟಿಗೆಯಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವುದು ಅನಂತರಾಜುವಿನ ಕೆಲಸ. ಪೆಟ್ಟಿಗೆ ತೀರಾ ತುಂಬಿದರೆ ಎಲ್ಲವಕ್ಕೂ ಉಸಿರುಗಟ್ಟುತ್ತದೆ. ಖಾಲಿ ಬಿಟ್ಟರೆ ಕರೆಂಟು ದಂಡ. ಪೆಟ್ಟಿಗೆಯಲ್ಲಿ ಒಂದೇ ಒಂದು ಮಷೀನು ಉಳಿದುಕೊಂಡರೆ, ಅದು ಕೆಲಸ ಮಾಡುತ್ತಿರುವಾಗಲೇ ಎತ್ತಿ ಬೇರೆ ಪೆಟ್ಟಿಗೆಗೆ ಸಾಗಿಸಿ, ಖಾಲಿಯಾದದ್ದನ್ನು ಆರಿಸಿಬಿಡಬಹುದು. ಸಾಗಿಸಿದ್ದು ಆ ಮಷೀನಿಗೆ ಗೊತ್ತೇ ಆಗುವುದಿಲ್ಲ.

ಹದಿನಾಲ್ಕು ವರ್ಷದಲ್ಲಿ ಒಂದು ಮಷೀನೂ ಅವನ ಮೇಲೆ ದೂರು ಹೇಳಿರಲಿಲ್ಲ. ಬಾಯಿಲ್ಲದವನ್ನು ಕೂರಿಸಿ ಕೂರಿಸಿ ಅವನಿಗೆ, ತಾನು ಯಾರನ್ನು ಬೇಕಾದರೂ ಎಲ್ಲಿ ಬೇಕಾದರೂ ಕೂರಿಸಬಲ್ಲೆ ಎಂಬ ಧೈರ್ಯ ಬಂದುಬಿಟ್ಟಿತ್ತು. ಆ ಧೈರ್ಯದ ಕೈಗೆ ಮಗಳ ಮದುವೆ ಸಿಕ್ಕಿತು.

ಮಗಳು ಸಿಂಚನಳನ್ನು ಕನಕಪುರದಾಚೆಯ ಕೋಡಿಹಳ್ಳಿಯ ಪುನೀತನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಭಾನುವಾರ ಧಾರೆ, ಬುಧವಾರ ಚನ್ನಪಟ್ಟಣದ ಹೊರಗಿನ ಛತ್ರದಲ್ಲಿ ಬೀಗರ ಊಟ. ಊಟ ಮುಗಿಸಿಕೊಂಡು ಹುಡುಗಿ ಗಂಡನ ಮನೆಗೆ ಹೊರಡುವುದು. ಈ ಸೀಮೆಯ ಬೀಗರ ಊಟ ಹೇಗಿರುತ್ತದೆಂದು ಉಂಡವರಿಗೆ ಗೊತ್ತು, ಕಾದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮುದ್ದೆ ಮುರಿಯುತ್ತಿರುವವನ ಹಿಂದೆ ಮುಂದಿನ ಪಂಕ್ತಿಯವನು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ. ಉಣ್ಣುವವನ ಕತ್ತಿನ ಮೇಲೆ ಕಾಯುವವನ ಉಸಿರು. ಮೂಳೆ ಚೀಪುವುದು ಸ್ವಲ್ಪ ತಡವಾದರೆ ಹಿಂದಿನಿಂದ ಒಂದು ಕೆಮ್ಮು ಬರುತ್ತದೆ. ಎರಡನೇ ಕೆಮ್ಮಿಗೂ ಏಳದವನನ್ನು ದಪ್ಪ ಚರ್ಮದವನೆಂದು ತಾಲ್ಲೂಕೆಲ್ಲ ಗುರುತಿಸುತ್ತದೆ.

"ಇದು ಅವೈಜ್ಞಾನಿಕ," ಎಂದು ಅನಂತರಾಜು ಮದುವೆಗೆ ಒಂದು ತಿಂಗಳಿರುವಾಗ ಮನೆಯಲ್ಲಿ ಘೋಷಿಸಿದ. "ನನ್ ಮಗಳ ಬೀಗರ ಊಟದಲ್ಲಿ ಒಬ್ರೂ ಕುರ್ಚಿ ಹಿಡ್ಕಂಡು ನಿಂತ್ಕಬಾರ್ದು. ಹನ್ನೆರಡು ಸಾಲು, ಸಾಲಿಗೆ ಇಪ್ಪತ್ತು ಕುರ್ಚಿ. ಸಾಲು ಅಂದ್ರೆ ಸರ್ವರ್. ನೆಂಟರು ಅಂದ್ರೆ ವರ್ಚುವಲ್ ಮಷೀನು. ಯಾರು ಎಲ್ಲಿ ಅಂತ ನಾನು ಲ್ಯಾಪ್‌ಟಾಪಲ್ಲಿ ಹಾಕ್ತೀನಿ."

ಹೆಂಡತಿ ರಾಧಾಮಣಿ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಏನಾರ ಹಾಕ್ಕಳಿ. ಹುಡ್ಗನ ತಾತ ಹನುಮಂತಯ್ಯನೋರನ್ನ ಮಾತ್ರ ಸರ್ಯಾಗಿ ನೋಡ್ಕಳಿ. ಒಂಬತ್ತು ವರ್ಷದ ಹಿಂದೆ ಅವ್ರ ತಮ್ಮನ ಬೀಗ್ರ ಮನೇಲಿ ಎಲೆಗೆ ಮೊಸ್ರು ಇಕ್ಕೋದು ಮರ್ತ್ರಂತೆ. ಅವತ್ತಿಂದ ಆ ಮನೆ ಹೊಸಲು ತುಳಿದಿಲ್ಲ. ತಮ್ಮನ ಸೊಸೆ ಸತ್ರೂ ಕೆಟ್ರೂ ತೌರಿನೋರು ಈ ಕಡೆ ಬರಂಗಿಲ್ಲ, ಅವ್ಳೂ ತೌರಿಗೆ ಹೋಗಂಗಿಲ್ಲ. ನಮ್ ಹುಡ್ಗಿ ಹೋಗಿ ಬಾಳೋದು ಅದೇ ಕುಲದಲ್ಲಿ."

"ಅವ್ರಿಗೆ ಹನ್ನೊಂದನೇ ಸಾಲು, ಮೊದಲ್ನೇ ಕುರ್ಚಿ. ಫ್ಯಾನಿನ ಕೆಳ್ಗೇ ಹಾಕಿವ್ನಿ. ಬಿಸಿ ತಾಕಂಗಿಲ್ಲ," ಎಂದ ಅನಂತರಾಜು. ಸರ್ವರ್ ಕೋಣೆಯಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಯಾರು ಯಾವ ಸಾಲು ಎಂದು ನೆಂಟರಿಗೆ ತಿಳಿಯಬೇಕಲ್ಲ. ಅದಕ್ಕೆ ಬೀದಿಯ ತುದಿಯ ಬೊಂಬೆ ಜಬ್ಬಾರನ ಬಳಿ ಹೋದ. ಹನ್ನೆರಡು ಸಾಲಿಗೆ ಹನ್ನೆರಡು ಬಗೆಯ ಪುಟ್ಟ ಮರದ ಬೊಂಬೆ, ಬಗೆಗೆ ಇಪ್ಪತ್ತು. ಬಾಗಿಲಲ್ಲಿ ಗಿಳಿ ಸಿಕ್ಕವರು ಗಿಳಿ ಸಾಲಿಗೆ, ಆನೆ ಸಿಕ್ಕವರು ಆನೆ ಸಾಲಿಗೆ.

"ಹನ್ನೆರಡು ನಮೂನೆ ಯಾಕೆ ಸಾರ್?" ಎಂದ ಜಬ್ಬಾರ್, ಮರ ಕಡೆಯುವ ಕದಿರಿನ ಮೇಲಿನ ಬುಗುರಿಯಿಂದ ಕಣ್ಣೆತ್ತದೆ. "ಒಂದೇ ಬುಗುರಿ ಮಾಡಿ ನಂಬರ್ ಹಾಕ್ಬಿಡ್ತೀನಿ."

"ನಂಬರ್ ಹಾಕಿದ್ರೆ ಒಂದನೇ ಸಾಲು ಮೇಲು, ಹನ್ನೆರಡನೇದು ಕೀಳು ಅಂತ ಜಗಳ ಆಯ್ತದೆ. ಬೊಂಬೇಲಿ ಎಲ್ರೂ ಸಮಾನ."

"ಅಂಗಾದ್ರೆ ಪಟ್ಟೀಲಿ ಕೋತಿ ಐತಲ್ಲ, ಅದು ಬ್ಯಾಡ ಸಾರ್. ನಮ್ ಹೆಂಡ್ತಿ ಮುನ್ನೀಗೆ ತಮಾಷೆಗೆ ಒಂದ್ಸಲ ಕೋತಿ ಬೊಂಬೆ ಕೊಟ್ಟೆ. ಎರಡು ದಿನ ಅನ್ನ ಹಾಕ್ಲಿಲ್ಲ."

"ಕೋತಿ ತೆಗೆದ್ರೆ ಹನ್ನೊಂದೇ ಆಯ್ತವೆ ಜಬ್ಬಾರಣ್ಣ. ಇರ್ಲಿ."

ಎರಡು ವಾರದಲ್ಲಿ ಇನ್ನೂರ ನಲವತ್ತು ಬೊಂಬೆಗಳು ಅರಗಿನ ಹೊಳಪಿನಲ್ಲಿ ಬುಟ್ಟಿ ತುಂಬಿ ಬಂದವು. ಅಷ್ಟು ಚೆಂದದ ಬೊಂಬೆಗಳನ್ನು ಊಟದ ಚೀಟಿಯಾಗಿ ಕೊಡುವ ಮನುಷ್ಯನನ್ನು ಚನ್ನಪಟ್ಟಣ ಅದುವರೆಗೆ ಕಂಡಿರಲಿಲ್ಲ.

ಬುಧವಾರ ಹನ್ನೆರಡಕ್ಕೆ ಕೋಡಿಹಳ್ಳಿಯಿಂದ ಎರಡು ಬಸ್ಸು ಬಂದವು. ಛತ್ರದ ಬಾಗಿಲಲ್ಲಿ ಅನಂತರಾಜು ಲ್ಯಾಪ್‌ಟಾಪ್ ಬಿಚ್ಚಿಕೊಂಡು, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಹೆಸರು ಕೇಳುವುದು, ಬೊಂಬೆ ಕೊಡುವುದು. ಹತ್ತು ನಿಮಿಷ ಕೆಲಸ ನೀರು ಹರಿದಂತೆ ನಡೆಯಿತು. ಹನ್ನೊಂದನೇ ನಿಮಿಷಕ್ಕೆ ಬೀಗರ ಕಡೆಯ ಒಬ್ಬ ಹೆಂಗಸು ತನ್ನ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನೋಡ್ರಪ್ಪಾ! ಅವ್ರ ಕಡೆಯೋರಿಗೆ ಆನೆ, ನವಿಲು. ನಮ್ ಕಡೆಯೋರಿಗೆ ಕೋತಿ!"

ಹೌದು, ಬೀಗರ ಹಿರಿಯರಿಗೆಂದು ಇಟ್ಟ ಹನ್ನೊಂದನೇ ಸಾಲು ಕೋತಿಯದೇ ಆಗಿತ್ತು. ಹಂಚಿದ್ದು ಲ್ಯಾಪ್‌ಟಾಪು, ಲ್ಯಾಪ್‌ಟಾಪಿಗೆ ಕೋತಿಯೂ ಒಂದೇ, ಬೀಗರೂ ಒಂದೇ. ಕೋಡಿಹಳ್ಳಿಯವರು ತಮ್ಮ ತಮ್ಮ ಅಂಗೈ ನೋಡಿಕೊಂಡರು. ಗುಜುಗುಜು ಎದ್ದಿತು. ರಾಧಾಮಣಿ ಒಳಗಿಂದ ಓಡಿ ಬಂದವಳು ಗಂಡನ ಮುಖ ನೋಡಿ, ಕಂಬ ಹಿಡಿದು ನಿಂತಳು. ಅಷ್ಟರಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲಿನ ಎತ್ತರದ ಮುದುಕರೊಬ್ಬರು ಮುಂದೆ ಬಂದರು. ಹನುಮಂತಯ್ಯ. ಬುಟ್ಟಿಯಿಂದ ತಾವೇ ಒಂದು ಕೋತಿ ಎತ್ತಿಕೊಂಡು ತಿರುಗಿಸಿ ನೋಡಿದರು.

"ನನ್ ಹೆಸ್ರೇ ಹನುಮಂತಯ್ಯ. ನಂಗೆ ಇದ್ಬುಟ್ಟು ಇನ್ನೇನ್ ಕೊಟ್ಟಾರು? ಕೆಲ್ಸ ಚೆನ್ನಾಗೈತೆ, ಯಾರ್ ಮಾಡ್ದೋರು?"

ಜಬ್ಬಾರ್ ಗುಂಪಿನಲ್ಲಿ ಹಿಂದೆ ಸರಿಯುತ್ತಿದ್ದವನು ಅಲ್ಲೇ ನಿಂತು ಕೈಯೆತ್ತಿದ. ಎಲ್ಲರೂ ನಕ್ಕರು. ರಾಧಾಮಣಿಗೆ ಹೋದ ಜೀವ ಬಂತು. ಅನಂತರಾಜು ಮಾತ್ರ ವ್ಯವಸ್ಥೆ ಮೊದಲ ಪರೀಕ್ಷೆ ಪಾಸಾಯಿತೆಂದೇ ತಿಳಿದ.

ಎರಡನೇ ಪರೀಕ್ಷೆಗೆ ಕೂತವರು ಮಕ್ಕಳು. ಬೊಂಬೆ ಕಂಡ ಮಕ್ಕಳು ಅದನ್ನು ಸಾಲಿನ ಗುರುತೆಂದು ಎಲ್ಲಾದರೂ ತಿಳಿಯುತ್ತವೆಯೇ? ಕಂಬದ ಮರೆಯಲ್ಲಿ ಸಂತೆಯೇ ಶುರುವಾಯಿತು. ಎರಡು ಗಿಳಿಗೆ ಒಂದು ಆನೆ, ಮೂರು ಕೋತಿಗೆ ಒಂದು ನವಿಲು. ಅಪ್ಪಂದಿರ ಬೊಂಬೆ ಮಾಯವಾಗಿ ಬೇರೆಯವರ ಬೊಂಬೆ ಬಂತು. ಬೋರ್‌ವೆಲ್ಲಿನ ವಿಚಾರಕ್ಕೆ ಆರು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಷಡ್ಡಕರನ್ನು ಅನಂತರಾಜು ಬಹಳ ತಲೆ ಖರ್ಚು ಮಾಡಿ ಎರಡನೇ ಸಾಲಿಗೊಬ್ಬ, ಒಂಬತ್ತನೇ ಸಾಲಿಗೊಬ್ಬ ಎಂದು ಬೇರೆ ಮಾಡಿದ್ದ. ಅವರು ಮಕ್ಕಳ ವ್ಯಾಪಾರದ ಕೃಪೆಯಿಂದ ಪಕ್ಕಪಕ್ಕದಲ್ಲೇ ಕೂತು, ಸಾರು ಬರುವ ಹೊತ್ತಿಗೆ "ನೀರು ಎಂಗೈತೆ ಈಗ?" ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಅನಂತರಾಜು ಇದನ್ನು ಲ್ಯಾಪ್‌ಟಾಪಿನಲ್ಲಿ ದೋಷವೆಂದು ಗುರುತು ಮಾಡಿಕೊಂಡ.

ನಿಜವಾದ ಪೆಟ್ಟು ಬಿದ್ದದ್ದು ಮೂರನೆಯದರಲ್ಲಿ. ಡೇಟಾ ಸೆಂಟರಿನಲ್ಲಿ ಪ್ರತಿ ಮಷೀನೂ ಎಂಟು ಪಾಲು ಕೇಳುತ್ತದೆ, ತಿನ್ನುವುದು ಎರಡೇ ಪಾಲು. ಆದ್ದರಿಂದ ಇರುವ ಜಾಗಕ್ಕಿಂತ ಹೆಚ್ಚು ಮಷೀನುಗಳನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಅದೇ ಲೆಕ್ಕದಲ್ಲಿ ಅನಂತರಾಜು ಒಂಬೈನೂರು ಜನರನ್ನು ಕರೆದು, ಐನೂರು ಬಂದಾರು, ಅರ್ಧ ಗಂಟೆಯಲ್ಲಿ ಎದ್ದಾರು ಎಂದುಕೊಂಡಿದ್ದ. ಬೀಗರ ಊಟದ ಪದ್ಧತಿ ಇದಕ್ಕೆ ಉಲ್ಟಾ. ಇಲ್ಲಿ ಮನುಷ್ಯ "ಒಸಿ ಸಾಕು, ಒಸಿ ಸಾಕು" ಎಂದು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಎಂಟು ಪಾಲು ತಿನ್ನುತ್ತಾನೆ. ಕರೆದ ಒಂಬೈನೂರೂ ಬಂದರು, ಕರೆಯದವರೂ ಜತೆಗೆ ಬಂದರು. ಒಂದೂವರೆಯ ಹೊತ್ತಿಗೆ ಹೊರಗೆ ಮುನ್ನೂರು ಹೊಟ್ಟೆಗಳು ಸಾರಿನ ವಾಸನೆ ಕುಡಿಯುತ್ತ ಬಾಗಿಲು ನೂಕುತ್ತಿದ್ದವು.

ಒಂದು ಸಾಲು ಪೂರ್ತಿ ಖಾಲಿಯಾದರೆ ತಾನೆ ಮೇಜಿನ ಕಾಗದ ಸುತ್ತಿ ತೆಗೆದು ಹೊಸದು ಹಾಸುವುದು? ಅನಂತರಾಜು ಕತ್ತೆತ್ತಿ ನೋಡಿದ. ಹನ್ನೊಂದನೇ ಸಾಲಿನಲ್ಲಿ ಹತ್ತೊಂಬತ್ತು ಕುರ್ಚಿ ಖಾಲಿ. ಮೊದಲನೇ ಕುರ್ಚಿಯಲ್ಲಿ ಹನುಮಂತಯ್ಯ ಒಬ್ಬರೇ, ಮುದ್ದೆಯಿಂದ ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಅದನ್ನು ಒಂದು ಗಳಿಗೆ ನೋಡಿ, ಬಾಯಿಗಿಡುತ್ತಿದ್ದರು. ನಾಲ್ಕನೇ ಸಾಲಿನಲ್ಲಿ ಒಂದು ಕುರ್ಚಿ ಬಿಡುವಾಗಿತ್ತು.

ಇಂಥದ್ದನ್ನು ಅನಂತರಾಜು ಹದಿನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಸಲ ಮಾಡಿದ್ದನೋ. ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬಡಿಸುವ ಇಬ್ಬರನ್ನು ಕರೆದು ಬಾಳೆ ಎಲೆಯ ಎರಡು ತುದಿ ಹಿಡಿಸಿದ. ಮುದ್ದೆ, ಸಾರು, ಮೂಳೆ ಸಮೇತ ಎಲೆ ಮೇಲೆದ್ದಿತು.

"ಬೀಗ್ರೇ, ನಾಕನೇ ಸಾಲಿಗೆ ದಯಮಾಡ್ಸಿ. ಊಟ ನಿಲ್ಸೋದು ಬ್ಯಾಡ. ತಿಂತಾ ತಿಂತಾನೇ ಬನ್ನಿ, ನಿಮ್ಗೆ ಗೊತ್ತೇ ಆಗಾಕಿಲ್ಲ."

ಹನುಮಂತಯ್ಯನವರ ಕೈ ತುತ್ತಿನೊಂದಿಗೆ ಗಾಳಿಯಲ್ಲೇ ನಿಂತಿತು. ಕೆಳಗೆ ಎಲೆ ಇರಬೇಕಾದ ಕಡೆ ಕಾಗದ ಇತ್ತು. ಅವರು ತುತ್ತನ್ನು ಕಾಗದದ ಮೇಲಿಟ್ಟರು. ಎದ್ದರು. ಕೈ ತೊಳೆಯುವ ಕಡೆಗೂ ಹೋಗದೆ, ಎಂಜಲ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ನೆಟ್ಟಗೆ ಹೊರಗೆ ಹೋಗಿ, ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು.

ಉಣ್ಣುವವನನ್ನು ಎಲೆಯ ಮುಂದಿನಿಂದ ಎಬ್ಬಿಸುವುದೆಂದರೆ ಏನೆಂದು ಈ ನಾಡಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಸುದ್ದಿ ಹತ್ತನೇ ಸಾಲಿಗೆ ಮುಟ್ಟುವಾಗ "ಕೈ ಹಿಡಿದು ಎಬ್ಬಿಸಿದರಂತೆ" ಎಂದಾಗಿತ್ತು. ಅಡುಗೆಮನೆಗೆ ಮುಟ್ಟುವಾಗ "ರಟ್ಟೆ ಹಿಡಿದು ಎಳೆದರಂತೆ" ಎಂದಾಯಿತು. ಬಸ್ಸಿನ ಹತ್ತಿರ ಹೋಗುವಾಗ "ಎಲೆ ಕಿತ್ತುಕೊಂಡು, ತಿಂದದ್ದು ಸಾಕು ನಡಿ ಅಂದರಂತೆ." ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಮದುವೆಯೇ ಮುರಿದುಬಿದ್ದಿತ್ತು. ಐದು ನಿಮಿಷದೊಳಗೆ ಮಾಗಡಿಯಿಂದ ರಾಧಾಮಣಿಯ ಚಿಕ್ಕಮ್ಮ ಫೋನ್ ಮಾಡಿ, "ಧೈರ್ಯ ತಂದ್ಕೊ ಮಗ, ಹುಡ್ಗಿಗೆ ಇನ್ನಾ ವಯಸ್ಸೈತೆ," ಎಂದು ಅತ್ತರು. ಏನಾಗಿದೆಯೆಂದು ರಾಧಾಮಣಿಗೆ ಮೊದಲು ತಿಳಿದದ್ದು ಹೀಗೆ.

ಛತ್ರದೊಳಗೆ ಇನ್ನೊಂದು ಕಷ್ಟ. ಹಿರಿಯರು ಎಲೆ ಬಿಟ್ಟು ಎದ್ದ ಮೇಲೆ ಕೋಡಿಹಳ್ಳಿಯವರು ಉಣ್ಣುವಂತಿಲ್ಲ. ಹಿರಿಯರು ಕೈ ತೊಳೆಯದೆ ಅವರು ಕೈ ತೊಳೆಯುವಂತೆಯೂ ಇಲ್ಲ. ನೂರು ಜನ ಎಂಜಲ ಕೈಗಳನ್ನು ಗಾಳಿಯಲ್ಲಿ ಒಣಗಿಸುತ್ತ ಮಿಸುಕದೆ ಕೂತರು. ಹೊರಗಿನ ಮುನ್ನೂರು ಜನ ಒಳಗೆ ಇಣುಕಿ, ಯಾರೂ ತಿನ್ನುತ್ತಿಲ್ಲ, ಯಾರೂ ಏಳುತ್ತಿಲ್ಲ, ಇದು ಯಾವ ಸೀಮೆ ಊಟ ಎಂದು ಕಂಗಾಲಾದರು.

ಮರದ ಕೆಳಗೆ ಹನುಮಂತಯ್ಯ ಮೊಮ್ಮಗನನ್ನು ಕರೆದರು. "ಪುನೀತಾ, ಡ್ರೈವರು ಉಂಡ್ನೇನ್ಲಾ? ಉಂಡಿದ್ರೆ ಗಾಡಿ ತೆಗಿಯಾಕೆ ಹೇಳು. ಹುಡ್ಗಿ ನಮ್ಮವ್ಳು, ಅವ್ಳು ಬರ್ಲಿ. ಈ ಮನೆ ಬಾಗ್ಲಿಗೆ ಇನ್ನು ನಾವೂ ಬರಾಕಿಲ್ಲ, ಅವ್ಳೂ ಬರಾಕಿಲ್ಲ."

ಪುನೀತ ತಾತನನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, ಕೊನೆಗೆ ತನ್ನ ಹೊಸ ಚಪ್ಪಲಿಯನ್ನು ನೋಡುತ್ತ ನಿಂತ. ಸಿಂಚನ ಬಾಗಿಲ ಬಳಿ ಬಂದು ನಿಂತಿದ್ದಳು. ಅವಳು ಅಳಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಗಳಿಗೆ ಇನ್ನು ತವರೆಂಬುದೇ ಇಲ್ಲವೆಂದು ಅನಂತರಾಜುವಿಗೆ ಆಗ ಅರ್ಥವಾಯಿತು. ಹೋಗಿ ಮುದುಕರ ಮುಂದೆ ಕೈಮುಗಿದು ನಿಂತ. ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದ; ಬಾಯಿಂದ ವಿವರಣೆ ಬಂತು.

"ಬೀಗ್ರೇ, ಅವಮಾನ ಅಂತಲ್ಲ. ನಮ್ ಆಫೀಸಲ್ಲಿ ದಿನಕ್ಕೆ ಇನ್ನೂರು ಸಲ ಇಂಗೆ ಎಬ್ಬಿಸ್ತೀವಿ. ಒಬ್ರೂ ಬೇಜಾರ್ ಮಾಡ್ಕಂಡಿಲ್ಲ."

"ಯಾವೂರೋರು ಅವ್ರು?"

"ಊರು... ಅವ್ರಿಗೆ ಊರಿಲ್ಲ. ಅವ್ರು ಇರಾಕಿಲ್ಲ."

"ಇಲ್ವಾ?"

"ಇಲ್ಲ. ಇದ್ದಂಗೆ, ಅಷ್ಟೇಯ."

ಹನುಮಂತಯ್ಯ ಸುತ್ತ ನಿಂತವರನ್ನು ಒಮ್ಮೆ ನೋಡಿದರು. "ಇಲ್ದೋರ್ನ ಎಬ್ಬಿಸಿ ಎಬ್ಬಿಸಿ, ಇರೋರ್ನ ಎಂಗೆ ಕೂರಿಸ್ಬೇಕು ಅನ್ನದೇ ಮರ್ತೋಗೈತೆ ಕಣಯ್ಯ ನಿಂಗೆ," ಎಂದರು. ಅದರಲ್ಲಿ ಕೋಪವೂ ಇರಲಿಲ್ಲ. ಕೋಪವಿದ್ದಿದ್ದರೆ ಅನಂತರಾಜುವಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಆಗ ಗುಂಪು ಸೀಳಿಕೊಂಡು ಅವನ ಅವ್ವ ಕೆಂಚಮ್ಮ ಬಂದಳು. ಎಂಬತ್ತು ದಾಟಿದ ಜೀವ. ಬಲಗೈಯಲ್ಲಿ ಅವಳಿಗೂ ಮುದ್ದೆ ಅಂಟಿತ್ತು. ಎಡಗೈ ರಾಧಾಮಣಿಯ ಹೆಗಲ ಮೇಲಿತ್ತು.

"ಏನ್ಲಾ ಮಾಡ್ದೆ?" ಎಂದಳು ಮಗನಿಗೆ. "ನಾನು ಹನ್ನೆರಡನೇ ಸಾಲಲ್ಲಿ ಅವ್ರ ಎದುರ್ಗೆ ಕೂತಿವ್ನಿ, ಕಾಣಾಕಿಲ್ವಾ ನಿಂಗೆ? ನಂಗೆ ಹಲ್ಲಿಲ್ಲ, ಕೈ ನಡುಗ್ತದೆ. ನನ್ ಸಾಲಲ್ಲಿ ಎಲ್ಲಾ ಎದ್ದೋದ್ರು. ಹೊರ್ಗಡೆ ಜನ ಕೂಗ್ತಾವ್ರೆ. ನಂಗೆ ನಾಚ್ಕೆ ಆಯ್ತು, ಅರ್ಧಕ್ಕೇ ಎದ್ದೇಳಾನ ಅಂತ ಕೈ ಊರ್ದೆ. ಆವಾಗ ಇವ್ರು, 'ನಿಧಾನಕ್ಕೆ ಉಣ್ಣವ್ವ, ನಂದೂ ಇನ್ನಾ ಐತೆ' ಅಂದ್ರು. ಅವ್ರದು ಎಲ್ಲಿತ್ಲಾ? ಅವ್ರ ಎಲೆ ಆವಾಗ್ಲೇ ಖಾಲಿ ಆಗಿತ್ತು. ನಾನು ಒಬ್ಳೇ ಕೊನೇಗೆ ಉಳೀಬಾರ್ದು ಅಂತ ಇನ್ನೊಂದು ಮುದ್ದೆ ಹಾಕಿಸ್ಕಂಡ್ರು ಕಣ್ಲಾ. ಬೀಗ್ರು ಉಣ್ತಾ ಇರಗಂಟ ಯಾರೂ ಕಾಗ್ದ ಸುತ್ತಾಕಿಲ್ಲ ಅಂತ."

ಹನುಮಂತಯ್ಯ ಮುಖ ಆಚೆ ತಿರುಗಿಸಿಕೊಂಡರು. "ಅದ್ನೆಲ್ಲ ಯಾಕೆ ಹೇಳೀಯವ್ವ," ಎಂದು ಗೊಣಗಿದರು.

ಅನಂತರಾಜುವಿನ ಕಣ್ಣು ತುಂಬಿತು. ತನ್ನ ಹೆತ್ತವ್ವ ಛತ್ರದಲ್ಲಿ ಎಲ್ಲಿ ಕೂತಿದ್ದಾಳೆಂದು ಅವನು ನೋಡಿರಲಿಲ್ಲ. ಮೂರು ದಿನದ ನೆಂಟರು ನೋಡಿದ್ದರು. ಛತ್ರದೊಳಕ್ಕೆ ಓಡಿದ. ಮುಂದಿನ ಕ್ಷಣ ಬಾಗಿಲಲ್ಲಿ ದಡಬಡ ಸದ್ದಾಯಿತು. ಹನ್ನೊಂದನೇ ಸಾಲಿನ ಮೇಜೊಂದನ್ನು ಒಬ್ಬನೇ ಎಳೆದುಕೊಂಡು ಬರುತ್ತಿದ್ದ. ಮೇಜು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಜಬ್ಬಾರ್ ಇನ್ನೊಂದು ತುದಿ ಹಿಡಿದು, "ಓರೆ ಮಾಡಿ ಸಾರ್, ಓರೆ," ಎಂದು ಪಾರು ಮಾಡಿದ. ಮರದ ಕೆಳಗೆ ಕಲ್ಲಿನ ಮುಂದೆ ಮೇಜು ಇಟ್ಟರು. ಅನಂತರಾಜು ಅವ್ವನಿಗೆ ಕುರ್ಚಿ ತಂದು ಹಾಕಿದ. ಹೊಸ ಎಲೆ ಎರಡು ಹಾಸಿದ, ಇಸ್ತ್ರಿಯ ಅಂಗಿಯ ತೋಳಿನಿಂದಲೇ ನೀರು ಒರೆಸಿದ, ಮುದ್ದೆ ಇಕ್ಕಿದ, ಸಾರು ಬಿಟ್ಟ. ಅರ್ಧ ಸಾರು ಅಂಗಿಯ ಮೇಲೇ ಬಿತ್ತು.

"ತಪ್ಪಾಯ್ತು ಬೀಗ್ರೇ," ಎಂದ. "ನಮ್ಮವ್ವನ್ನ ನೀವು ಕಾದ್ರಿ, ನಿಮ್ಮನ್ನ ನಾನು ಕಾಯ್ಲಿಲ್ಲ. ಇನ್ನು ನೀವು ಎಲ್ಲಿ ಕೂತೀರೋ ಅದೇ ನಿಮ್ ಜಾಗ. ಸಂಜೆಗಂಟ ಉಣ್ಣಿ."

ಹನುಮಂತಯ್ಯ ಎಲೆ ನೋಡಿದರು. ಎಲೆಯ ಮೇಲಿನ ಮುದ್ದೆ ನೋಡಿದರು.

"ಎರಡೇ ಎಲೆ ಹಾಕಿದ್ದೀಯ," ಎಂದರು. "ಇನ್ನೊಂದು ಹಾಕು."

ಅನಂತರಾಜು ಪುನೀತನ ಕಡೆ ತಿರುಗಿದ.

"ಅವ್ನಿಗಲ್ಲ, ನಿಂಗೆ. ಬೆಳಗಿಂದ ಒಂದ್ ಲೋಟ ನೀರು ಕುಡಿದಿರೋ ಮುಖ ಅಲ್ಲ ಇದು. ಬಾ, ಕೂತ್ಕೊ." ಮುದುಕರು ಕಲ್ಲಿನ ಮೇಲೆ ಸರಿದು ಅರ್ಧ ಜಾಗ ಬಿಟ್ಟರು.

ಅವರು ಮುದ್ದೆ ಮುರಿದದ್ದೇ ತಡ, ಒಳಗೆ ನೂರು ಕೈಗಳು ಒಟ್ಟಿಗೆ ಎಲೆಗೆ ಇಳಿದವು. ಹೊರಗಿನ ಮುನ್ನೂರು ಜನ ಒಳಗೆ ನುಗ್ಗಿ, ಒಬ್ಬೊಬ್ಬರು ಒಂದೊಂದು ಕುರ್ಚಿಯ ಬೆನ್ನು ಹಿಡಿದು ಕೆಮ್ಮತೊಡಗಿದರು. ಗಿಳಿಯಿಲ್ಲ, ಆನೆಯಿಲ್ಲ, ಮೂರೂವರೆಯೊಳಗೆ ಸಾವಿರ ಜನ ಹೊಟ್ಟೆತುಂಬ ಉಂಡು ಎದ್ದರು. ಲ್ಯಾಪ್‌ಟಾಪ್ ಬಾಗಿಲಲ್ಲಿ ತೆರೆದೇ ಇತ್ತು, ಅದರ ಮೇಲೆ ಯಾರೋ ಎಲೆ ಅಡಿಕೆ ತಟ್ಟೆ ಇಟ್ಟಿದ್ದರು.

ಮರದ ಕೆಳಗೆ ಸಿಂಚನ ತಾನೇ ಬಕೆಟ್ಟು ಹಿಡಿದು ಮೂವರಿಗೂ ಬಡಿಸುತ್ತಿದ್ದಳು. ಹಸಿದಿದ್ದ ಅನಂತರಾಜು ನಾಲ್ಕು ನಿಮಿಷದಲ್ಲಿ ಎಲೆ ಖಾಲಿ ಮಾಡಿದ. ಕೈ ತೊಳೆಯಲು ಏಳಬೇಕೆಂದು ಮೇಜಿಗೆ ಕೈ ಊರಿದವನು ಪಕ್ಕಕ್ಕೆ ನೋಡಿದ. ಅವ್ವನ ಎಲೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು.

ಹನುಮಂತಯ್ಯ ತಲೆ ಎತ್ತದೆ ಸಿಂಚನಳಿಗೆ ಹೇಳಿದರು. "ಬೀಗ್ರಿಗೆ ಇನ್ನೊಂದು ಮುದ್ದೆ ಇಕ್ಕು ಮಗ."

ಅನಂತರಾಜು ಹುಟ್ಟಿದಾಗಿನಿಂದ ಒಂದು ಹೊತ್ತಿಗೆ ಎರಡು ಮುದ್ದೆ ಉಂಡವನಲ್ಲ. ಆದರೂ ಬೇಡವೆನ್ನಲಿಲ್ಲ. ಮಗಳು ಇಕ್ಕಿದ ಮುದ್ದೆಯನ್ನು ಎಲೆಯ ನಡುವಿಗೆ ಎಳೆದುಕೊಂಡು, ಅವ್ವನ ನಡುಗುವ ಕೈ ಬಾಯಿಗೆ ಹೋಗಿ ಬರುವುದನ್ನು ನೋಡುತ್ತ, ಅವಳ ತುತ್ತಿಗಿಂತ ಚಿಕ್ಕದೊಂದು ತುತ್ತು ಮುರಿದ.